ಒಂದು ಗುಂಟೆ ಜಾಗ ಹುಡುಕ್ಕೊಂಡು ನೆಬ್ರಾಸ್ಕಾಕ್ಕೆ

ಮಂಗಳವಾರ, ಡೆನ್ವರ್‌ನಿಂದ ಲಿಂಕನ್

ನಮ್ಮತ್ತೆ, ಅಂದ್ರೆ ನನ್ನ ಗಂಡನ ಅಮ್ಮ, ಇಲ್ಲೇ ಅಮೆರಿಕಾದವರು. ಅವರ ಮುತ್ತಜ್ಜಿ, ಅಂದ್ರೆ ಅವರ ತಾತನ ತಾಯಿ, 1885ರ ಫೆಬ್ರವರಿಯಲ್ಲಿ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ತೀರಿಕೊಂಡ್ರು. ಇಷ್ಟು ಗೊತ್ತಿತ್ತು. ಎಲ್ಲಿ ಮಣ್ಣು ಮಾಡಿದ್ರು ಅಂತ ಮನೇಲಿ ಯಾರಿಗೂ ಗೊತ್ತಿರಲಿಲ್ಲ, ಅತ್ತೆಯ ಅಪ್ಪ ಬದುಕಿದ್ದಾಗ "ಮನೆ ಹಿಂದಿನ ದಿಬ್ಬದ ಮೇಲೆ" ಅಂತ ಒಂದು ಮಾತು ಹೇಳ್ತಿದ್ರಂತೆ, ಆ ಮನೆ ಯಾವುದು ದಿಬ್ಬ ಯಾವುದು ಅಂತ ಕೇಳೋ ಹೊತ್ತಿಗೆ ಅವರೂ ಇರಲಿಲ್ಲ. ಅತ್ತೆಗೆ ಈಗ 75 ದಾಟಿದೆ. "ಮಂಡಿ ಸರಿ ಇರುವಾಗ್ಲೇ ಹೋಗಿ ನೋಡ್ಕೊಂಡು ಬಂದ್ಬಿಡ್ಬೇಕು" ಅಂತ ಚಳಿಗಾಲದಿಂದ ಹೇಳ್ತಾನೇ ಇದ್ರು. ಮೇ ತಿಂಗಳ ಕೊನೇ ಸೋಮವಾರ ಇಲ್ಲಿ ಮೆಮೋರಿಯಲ್ ಡೇ, ಎಲ್ಲರೂ ತಮ್ಮತಮ್ಮ ಹಿರಿಯರ ಸಮಾಧಿಗೆ ಹೂ ಇಡೋ ದಿನ, ಅದಕ್ಕಿಂತ ಮುಂಚಿನ ವಾರಾನೇ ಹೊರಡೋದು ಅಂತ ಆಯ್ತು.

ನನ್ನ ಗಂಡನಿಗೆ ರಜ ಸಿಗಲಿಲ್ಲ. ಊರಿಂದ ಅಪ್ಪ ಬಂದಿದ್ರು, ಮನೇಲಿ ಒಬ್ಬರೇ ಕೂತು ಏನ್ ಮಾಡ್ತೀರಾ ಬನ್ನಿ ಅಂತ ಕರ್ಕೊಂಡೆ. ಅಪ್ಪ ಸರ್ವೆ ಇಲಾಖೆಯಲ್ಲಿದ್ದವರು, ತುಮಕೂರು ಜಿಲ್ಲೆಯ ತಾಲ್ಲೂಕುಗಳಲ್ಲೆಲ್ಲ ಚೈನು ಎಳೆದು ಎಳೆದು ರಿಟೈರ್ ಆದವರು. ಅವರಿಂದ ಈ ಟ್ರಿಪ್‌ಗೆ ಏನು ಉಪಯೋಗ ಆಗುತ್ತೆ ಅಂತ ಹೊರಡುವಾಗ ನಮಗ್ಯಾರಿಗೂ ಅಂದಾಜಿರಲಿಲ್ಲ.

ಡೆನ್ವರ್‌ನಿಂದ ಲಿಂಕನ್‌ಗೆ ಸುಮಾರು 780 ಕಿಲೋಮೀಟರ್. ಜೂಲ್ಸ್‌ಬರ್ಗ್ ದಾಟಿ ಐ-80 ಹಿಡಿದ್ಮೇಲೆ ಪ್ಲಾಟ್ ನದಿ ಜೊತೆಗೇ ಬರುತ್ತೆ. ಆರೆಗಾನ್, ಕ್ಯಾಲಿಫೋರ್ನಿಯಾ, ಯೂಟಾ ಅಂತ ಹೊರಟ ಎತ್ತಿನ ಗಾಡಿಗಳೆಲ್ಲ ಹೋಗಿದ್ದು ಇದೇ ನದೀ ದಂಡೆಯಲ್ಲಿ, ಆಮೇಲೆ ರೈಲು ಹಾಕಿದ್ದೂ ಇಲ್ಲೇ, ಈಗ ಹೈವೇನೂ ಇಲ್ಲೇ. 1869ರಲ್ಲಿ ರೈಲು ಆ ಕಡೆಯಿಂದ ಈ ಕಡೆಗೆ ಕೂಡಿಕೊಳ್ಳೋವರೆಗೂ ನೆಬ್ರಾಸ್ಕಾ ಬಹಳ ಜನಕ್ಕೆ ದಾಟಿ ಹೋಗೋ ಜಾಗ ಅಷ್ಟೇ, ನಿಲ್ಲೋ ಜಾಗ ಅಲ್ಲ. ಅತ್ತೆಯ ಮನೆಯವರು ಆ ಕಾಲದವರಲ್ಲ, ಅವರು ಅದಾದ ಮೇಲೆ 1881ರಲ್ಲಿ ಅಯೋವಾದಿಂದ ಬಂದು ಇಲ್ಲೇ ನೆಲ ಹಿಡಿದವರು.

ಒಗಲಾಲದಲ್ಲಿ ಊಟಕ್ಕೆ ನಿಲ್ಸಿದಾಗ (ನಂದೂ ಅಪ್ಪಂದೂ ಪುಳಿಯೋಗರೆ, ಅತ್ತೆಗೆ ಸ್ಯಾಂಡ್‌ವಿಚ್) ಅತ್ತೆ ತಮ್ಮ ಫೈಲು ಬಿಚ್ಚಿದ್ರು. ಮುತ್ತಜ್ಜ ಸಿವಿಲ್ ವಾರ್‌ನಲ್ಲಿ, ಅಂದ್ರೆ 1860ರ ದಶಕದ ಅಮೆರಿಕಾದ ಅಂತರ್ಯುದ್ಧದಲ್ಲಿ, ಅಯೋವಾದ ರೆಜಿಮೆಂಟ್‌ನಲ್ಲಿದ್ದ ಸೈನಿಕ, ಅವರಿಗೆ ಪೆನ್ಶನ್ ಬರ್ತಿತ್ತು, ಆ ಪೆನ್ಶನ್ ಫೈಲಿನ ಕಾಪಿಯನ್ನ ಅತ್ತೆ ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಿಂದ ದುಡ್ಡು ಕಟ್ಟಿ ತರಿಸಿಟ್ಟಿದ್ರು. 1898ರಲ್ಲಿ ಪೆನ್ಶನ್ ಆಫೀಸಿನವರು ಪೆನ್ಶನ್‌ದಾರರಿಗೆಲ್ಲ ಒಂದು ಪ್ರಶ್ನೆಪತ್ರ ಕಳಿಸಿದ್ರು, ಈಗ ಮದುವೆ ಆಗಿದೆಯಾ, ಹೆಂಡತಿಯ ತವರಿನ ಹೆಸರೇನು, ಮೊದಲು ಮದುವೆ ಆಗಿತ್ತಾ, ಆ ಹೆಂಡತಿ ಯಾವಾಗ ಎಲ್ಲಿ ಸತ್ತಳು, ಬದುಕಿರೋ ಮಕ್ಕಳು ಯಾರ್ಯಾರು. ಈ ಒಂದು ಕಾಗದ ವಂಶ ಹುಡುಕೋರಿಗೆ ನಿಧಿ ಇದ್ದ ಹಾಗೆ. ಆದ್ರೆ ನಮ್ಮ ಮುತ್ತಜ್ಜ ಎರಡನೇ ಹೆಂಡತಿಯ ತವರಿನ ಹೆಸರು ಬರೆದು, ಮೊದಲನೆಯವಳ ಬಗ್ಗೆ ಬರೀ ಹೆಸರು, "ಫೆಬ್ರವರಿ 1885, ಕಸ್ಟರ್ ಕೌಂಟಿ" ಅಂತಷ್ಟೇ ಬರೆದು ಕೆಳಗೆ ಸಹಿ ಹಾಕಿದ್ದಾರೆ. ಫಾರಂನಲ್ಲಿ ಕೇಳಿದ್ದೂ ಅಷ್ಟೇ. ಎಷ್ಟು ಚೆಂದದ ಕೈಬರಹ ಅಂದ್ರೆ, ಅಪ್ಪ ಕಾಗದವನ್ನ ಬೆಳಕಿಗೆ ಹಿಡಿದು ನೋಡ್ತಾನೇ ಕೂತಿದ್ರು.

ನಾರ್ತ್ ಪ್ಲಾಟ್ ಹತ್ರ ಬರೋ ಹೊತ್ತಿಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯ್ತು. ಲಿಂಕನ್ ಸೇರುವಾಗ ಕತ್ತಲೆ.

ಬುಧವಾರ, ಬಿಯಾಟ್ರಿಸ್ ಮತ್ತೆ ಲಿಂಕನ್

ಬೆಳಿಗ್ಗೆ ಲಿಂಕನ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿ, ಬಿಯಾಟ್ರಿಸ್ ಊರಿನ ಹತ್ರ ಹೋಮ್‌ಸ್ಟೆಡ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್. 1862ರ ಹೋಮ್‌ಸ್ಟೆಡ್ ಆಕ್ಟ್ ಜಾರಿಗೆ ಬಂದ ಮೊದಲನೇ ದಿನ, 1863ರ ಜನವರಿ 1ಕ್ಕೆ, ಡೇನಿಯಲ್ ಫ್ರೀಮನ್ ಅನ್ನೋರು ಅರ್ಜಿ ಹಾಕಿ ಹಿಡಿದ ನೆಲ ಇದು. ಕಾನೂನು ಕೇಳೋಕೆ ಬಹಳ ಸರಳ, 160 ಎಕರೆ, ಫೀಸು ಎಲ್ಲ ಸೇರಿ 18 ಡಾಲರ್, ಐದು ವರ್ಷ ಅಲ್ಲೇ ಇದ್ದು ಮನೆ ಕಟ್ಟಿ ಸಾಗುವಳಿ ಮಾಡಿದ್ರೆ ನೆಲ ನಿಮ್ಮದು. ಯುದ್ಧದಲ್ಲಿ ಇದ್ದವರಿಗೆ ಆ ಸೇವೆಯ ವರ್ಷಗಳನ್ನ ಐದರಲ್ಲಿ ಕಳೀತಿದ್ರು. ಹೀಗೆ ಒಟ್ಟು 16 ಲಕ್ಷ ಜನಕ್ಕೆ 27 ಕೋಟಿ ಎಕರೆ ಹೋಗಿದೆ. ಮದುವೆ ಆಗದ ಹೆಂಗಸರು, ವಿಧವೆಯರು ಕೂಡ ತಮ್ಮ ಹೆಸರಲ್ಲೇ ಅರ್ಜಿ ಹಾಕಬಹುದಿತ್ತು, ಆ ಕಾಲಕ್ಕೆ ಅದು ದೊಡ್ಡ ವಿಷಯಾನೇ. ಆದ್ರೆ ಗಂಡ ಇರೋ ಹೆಂಗಸು ಹಾಕೋ ಹಾಗಿರಲಿಲ್ಲ, ಅವಳು ಎಷ್ಟೇ ದುಡಿದಿದ್ರೂ ಕಾಗದದಲ್ಲಿ "ಹೆಂಡತಿ" ಅಂತ ಒಂದು ಪದ ಅಷ್ಟೇ.

ಅಲ್ಲಿ ಕಂಪ್ಯೂಟರ್‌ಗಳಿವೆ, ನೆಬ್ರಾಸ್ಕಾದ ಹೋಮ್‌ಸ್ಟೆಡ್ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಸೈಟ್‌ನಲ್ಲಿ ಮುತ್ತಜ್ಜನ ಪೇಟೆಂಟ್, ಅಂದ್ರೆ ಸರ್ಕಾರ ನೆಲ ಕೊಟ್ಟ ಹಕ್ಕುಪತ್ರ, ಮನೇಲೇ ನೋಡ್ಕೊಂಡು ಬಂದಿದ್ವಿ. ಆದ್ರೆ ಪೇಟೆಂಟ್ ಒಂದೇ ಒಂದು ಹಾಳೆ, ನಿಜವಾದ ಸರಕು ಇರೋದು ಅದರ ಹಿಂದಿನ ಫೈಲಲ್ಲಿ. ಐದು ವರ್ಷ ಮುಗಿದ್ಮೇಲೆ ಪೇಪರ್‌ನಲ್ಲಿ ನೋಟಿಸ್ ಹಾಕ್ಸಿ, ಇಬ್ಬರು ಸಾಕ್ಷಿಗಳನ್ನ ಕರ್ಕೊಂಡು ಬಂದು, ನಾನು ಇಲ್ಲೇ ಇದ್ದೆ ಇಷ್ಟು ಉತ್ತಿದ್ದೀನಿ ಅಂತ ಹೇಳಿಕೆ ಕೊಡ್ಬೇಕಿತ್ತು. ಮುತ್ತಜ್ಜ ಕೊಟ್ಟಿದ್ದು 1885ರ ಅಕ್ಟೋಬರ್‌ನಲ್ಲಿ. ಹುಲ್ಲುಮಣ್ಣಿನ ಮನೆ, ಹದಿನಾರು ಅಡಿ ಇಪ್ಪತ್ನಾಲ್ಕಡಿ, ಹಲಗೆ ಮಾಡು, ಎರಡು ಕಿಟಕಿ, ಒಂದು ಬಾವಿ, ನಲವತ್ತು ಎಕರೆ ಉತ್ತಿದ್ದು, ಕಾಟನ್‌ವುಡ್ ಗಿಡ ನೆಟ್ಟಿದ್ದು. ಕುಟುಂಬದಲ್ಲಿ ಯಾರ್ಯಾರಿದ್ದಾರೆ ಅನ್ನೋ ಪ್ರಶ್ನೆಗೆ, ನಾನು ಮತ್ತು ನಾಲ್ಕು ಮಕ್ಕಳು, ನನ್ನ ಹೆಂಡತಿ ಕಳೆದ ಚಳಿಗಾಲ ಈ ಜಾಗದಲ್ಲೇ ಸತ್ತಳು ಅಂತ ಇದೆ.

ಈ ಜಾಗದಲ್ಲೇ. ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತ್ಬಿಟ್ರು. ಅಷ್ಟು ವರ್ಷ ಅವರು ಊರೂರಿನ ಸ್ಮಶಾನದ ಪಟ್ಟಿಗಳಲ್ಲಿ ಹುಡುಕಿದ್ರು.

ಅಪ್ಪನ ಕಣ್ಣು ಮಾತ್ರ ಪಕ್ಕದ ಕಾಲಂ ಮೇಲೆ. ನೆಲದ ವಿವರ, ಇಂಥ ಟೌನ್‌ಶಿಪ್, ಇಂಥ ರೇಂಜ್, ಸೆಕ್ಷನ್ ನಂಬರ್, ಸೌತ್‌ವೆಸ್ಟ್ ಕ್ವಾರ್ಟರ್, ಆರನೇ ಪ್ರಿನ್ಸಿಪಲ್ ಮೆರಿಡಿಯನ್ (ಅಳತೆಗೆ ಆಧಾರವಾದ ಉತ್ತರ-ದಕ್ಷಿಣ ಮೂಲ ಗೆರೆ). "ಇದನ್ನ ಹೇಗೆ ಓದೋದು ಕೇಳು ಪುಟ್ಟ" ಅಂದ್ರು. ಅಲ್ಲಿದ್ದ ರೇಂಜರ್ ಒಂದು ಹಾಳೆ ಮೇಲೆ ಬರೆದು ತೋರಿಸಿದ್ರು. ಆರು ಮೈಲಿ ಆರು ಮೈಲಿಯ ಚೌಕ ಒಂದು ಟೌನ್‌ಶಿಪ್, ಅದರಲ್ಲಿ ಒಂದೊಂದು ಮೈಲಿಯ 36 ಸೆಕ್ಷನ್, ಒಂದು ಸೆಕ್ಷನ್ನಿಗೆ 640 ಎಕರೆ, ಅದರ ಕಾಲು ಭಾಗ 160. ನಂಬರು ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ ಆರರವರೆಗೆ ಹೋಗಿ, ಕೆಳಗಿಳಿದು ಏಳು, ಅಲ್ಲಿಂದ ವಾಪಸ್ ಪೂರ್ವಕ್ಕೆ, ಹೊಲ ಉಳೋ ಎತ್ತು ಸಾಲು ತಿರುಗಿಸಿಕೊಂಡು ಬರೋ ಹಾಗೆ. ಅಳತೆ ಚೈನು 66 ಅಡಿ, 80 ಚೈನಿಗೆ ಒಂದು ಮೈಲಿ. 66 ಅಂತ ಕೇಳಿದ್ದೇ ಅಪ್ಪ ನೆಟ್ಟಗೆ ಕೂತ್ರು. "ನಮ್ಮ ಚೈನು 33 ಅಡಿ, 16 ಆಣೆ, ಇವರದು ನಮ್ಮದರ ಎರಡರಷ್ಟು" ಅಂತ ರೇಂಜರ್‌ಗೆ ವಿವರಿಸೋಕೆ ಹೊರಟ್ರು, ನಾನು ಆಣೆ ಅಂದ್ರೇನು ಅಂತ ಮಧ್ಯೆ ಹೇಳ್ತಾ ಹೋದೆ. ರೇಂಜರ್ ಅದನ್ನ ನೋಟ್‌ಬುಕ್‌ನಲ್ಲಿ ಬರ್ಕೊಂಡ್ರು.

ಮಧ್ಯಾಹ್ನ ಲಿಂಕನ್‌ಗೆ ವಾಪಸ್ ಬಂದು ಹಿಸ್ಟರಿ ನೆಬ್ರಾಸ್ಕಾ ಅನ್ನೋ ರಾಜ್ಯದ ಇತಿಹಾಸ ಸಂಸ್ಥೆಯವರ ರೀಡಿಂಗ್ ರೂಮ್, ಮೊದಲೇ ಟೈಮ್ ತಗೊಂಡಿದ್ವಿ. ಅಮೆರಿಕಾದಲ್ಲಿ ವಂಶ ಹುಡುಕೋರಿಗೆ ಒಂದು ದೊಡ್ಡ ಗುಂಡಿ ಇದೆ, 1890ರ ಜನಗಣತಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಅದರ ಕಾಗದ ಹೆಚ್ಚುಕಮ್ಮಿ ಎಲ್ಲಾ ಹಾಳಾಯ್ತು, ಹಾಗಾಗಿ 1880 ಆದ್ಮೇಲೆ ನೇರ 1900. ಆ ಇಪ್ಪತ್ತು ವರ್ಷದಲ್ಲಿ ಬಂದು ಸತ್ತವರು ಕಾಣಿಸೋದೇ ಇಲ್ಲ. ಆದ್ರೆ ನೆಬ್ರಾಸ್ಕಾದಲ್ಲಿ 1885ರಲ್ಲಿ ಬೇರೆ ಒಂದು ಗಣತಿ ಆಗಿತ್ತು, ಅದರ ಜೊತೆ ಸತ್ತವರ ಪಟ್ಟಿ, 1884ರ ಜೂನ್‌ನಿಂದ 1885ರ ಮೇ ಕೊನೆವರೆಗೆ ಯಾರು ಸತ್ತರು, ವಯಸ್ಸೆಷ್ಟು, ಯಾವ ತಿಂಗಳು, ಯಾವ ಕಾರಣ. ಮೈಕ್ರೋಫಿಲ್ಮ್ ತಿರುಗಿಸ್ತಾ ತಿರುಗಿಸ್ತಾ ಸಿಕ್ತು. ಹೆಸರು, ವಯಸ್ಸು 39, ಹುಟ್ಟಿದ್ದು ಒಹಾಯೋ, ಫೆಬ್ರವರಿ. ಕಾರಣ, ಬಾಣಂತಿ ಜ್ವರ. ಅದರ ಕೆಳಗಿನ ಸಾಲಿನಲ್ಲೇ ಅದೇ ಮನೆತನದ ಹೆಸರು, ಒಂದು ಹೆಣ್ಣು ಕೂಸು, ವಯಸ್ಸು ಆರು ದಿನ.

ಕೂಸಿನ ವಿಷಯ ಯಾರೂ ಯಾವತ್ತೂ ಹೇಳಿರಲಿಲ್ಲ. ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡ್ರು. ಅಪ್ಪ ಏನೂ ಮಾತಾಡದೆ ಹೊರಗೆ ಹೋಗಿ ಅವರಿಗೆ ಒಂದು ಲೋಟ ನೀರು ತಂದು ಮುಂದೆ ಇಟ್ರು. ನನ್ನ ಅಜ್ಜಿಯ ಅಕ್ಕ ಒಬ್ರು ಹೀಗೇ ಬಾಣಂತನದಲ್ಲಿ ಹೋದವರು, ಅಪ್ಪನಿಗೆ ಆ ಕಥೆ ಗೊತ್ತು.

ತವರಿನ ಹೆಸರು ಸಿಕ್ಕಿದ್ದು ಅತ್ತೆಯ ತಾತನ ಡೆತ್ ಸರ್ಟಿಫಿಕೇಟ್‌ನಲ್ಲಿ. ಆತ ಸತ್ತಿದ್ದು 1940ರ ದಶಕದಲ್ಲಿ, ಅಷ್ಟೊತ್ತಿಗೆ ಫಾರಂನಲ್ಲಿ ತಾಯಿಯ ತವರಿನ ಹೆಸರು ಅಂತ ಕಾಲಂ ಇತ್ತು. ಹತ್ತು ವರ್ಷಕ್ಕೆ ತಾಯಿ ಕಳ್ಕೊಂಡ ಹುಡುಗ, ಎಪ್ಪತ್ತರವರೆಗೂ ಆ ಹೆಸರನ್ನ ತನ್ನ ಮಕ್ಕಳಿಗೆ ಹೇಳಿಟ್ಟಿದ್ದಕ್ಕೇ ಅದು ಕಾಗದಕ್ಕೆ ಬಂದಿದ್ದು. ಆ ಹೆಸರು ಹಿಡ್ಕೊಂಡು ರಾತ್ರಿ ಮೋಟೆಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು 1850ರ ಗಣತಿ ನೋಡಿದ್ವಿ, ಮನೆಯ ಪ್ರತಿಯೊಬ್ಬರ ಹೆಸರನ್ನೂ ಬರೆದ ಮೊದಲನೇ ಗಣತಿ ಅದು (ಗುಲಾಮರನ್ನ ಬಿಟ್ಟು, ಅವರಿಗೆ ಬೇರೆ ಪಟ್ಟಿ, ಅದರಲ್ಲಿ ಹೆಸರೇ ಇಲ್ಲ). ಒಹಾಯೋದಲ್ಲಿ ಒಬ್ಬ ಕಮ್ಮಾರನ ಮನೆ, ಐದು ವರ್ಷದ ಮಗಳು, ಹೆಸರು ಹೊಂದುತ್ತೆ, ವಯಸ್ಸು ಹೊಂದುತ್ತೆ, ತಂದೆ ಹುಟ್ಟಿದ್ದು ಪೆನ್ಸಿಲ್ವೇನಿಯಾ. ಅದಕ್ಕಿಂತ ಹಿಂದೆ 1840ಕ್ಕೆ ಹೋದ್ರೆ ಮನೆ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರೀ ಲೆಕ್ಕ. ಅಲ್ಲಿಗೆ ಆ ದಾರಿ ನಿಲ್ಲುತ್ತೆ.

ಗುರುವಾರ, ಬ್ರೋಕನ್ ಬೋ

ಗ್ರ್ಯಾಂಡ್ ಐಲೆಂಡ್‌ನಿಂದ ಹೈವೇ 2 ಹಿಡಿದು ವಾಯವ್ಯಕ್ಕೆ, ಕಸ್ಟರ್ ಕೌಂಟಿಯ ಮುಖ್ಯ ಊರು ಬ್ರೋಕನ್ ಬೋ ಕಡೆಗೆ. ಪಕ್ಕದಲ್ಲೇ ರೈಲು ಹಳಿ, ವಯೋಮಿಂಗ್‌ನ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಗಳು ಮುಗಿಯೋದೇ ಇಲ್ಲ. ಅಲ್ಲಿವರೆಗೂ ಚಪ್ಪಟೆ ಇದ್ದ ನೆಲ ನಿಧಾನಕ್ಕೆ ಉಬ್ಬುತಗ್ಗು ಆಗುತ್ತೆ, ಗಾಳಿ ತಂದು ಸುರಿದ ಹಳದಿ ಮಣ್ಣಿನ ಗುಡ್ಡ, ಮಧ್ಯೆ ಮಧ್ಯೆ ಕೊರಕಲು, ಕೊರಕಲಲ್ಲಿ ಸೀಡರ್ ಗಿಡ. ಹುಡುಕಿದ್ರೂ ಕಲ್ಲು ಸಿಗಲ್ಲ. ಅದಕ್ಕೇ ಇಲ್ಲಿ ಹುಲ್ಲಿನ ಬೇರು ಸಮೇತ ಮಣ್ಣನ್ನ ನೇಗಿಲಲ್ಲಿ ಪಟ್ಟಿ ಪಟ್ಟಿ ಎತ್ತಿ, ಕತ್ತರಿಸಿ, ಇಟ್ಟಿಗೆ ಥರ ಪೇರಿಸಿ ಮನೆ ಕಟ್ತಿದ್ರು. ಸಮಾಧಿಗೆ ಇಡೋಕೂ ಕಲ್ಲಿಲ್ಲ, ಮರದ ಹಲಗೆ ನೆಡ್ತಿದ್ರು, ಅದು ಒಂದೋ ಹುಳ ತಿಂದು ಹೋಗ್ತಿತ್ತು ಇಲ್ಲ ಹುಲ್ಲಿನ ಕಾಡ್ಗಿಚ್ಚಿಗೆ ಸುಟ್ಟು ಹೋಗ್ತಿತ್ತು. ಎಷ್ಟೊಂದು ಜನ ಗುರುತಿಲ್ಲದೆ ಹೋಗಿದ್ದಾರೆ ಅಂದ್ರೆ ಇದೇ ಕಾರಣ.

ಮೊದಲು ಊರ ಸ್ಮಶಾನ. ಮೆಮೋರಿಯಲ್ ಡೇಗೆ ಅಂತ ಸೈನಿಕರ ಸಮಾಧಿಗಳಿಗೆಲ್ಲ ಪುಟ್ಟ ಬಾವುಟ ಚುಚ್ತಾ ಇದ್ರು. ಮುತ್ತಜ್ಜನ ಕಲ್ಲು ಸುಲಭಕ್ಕೆ ಸಿಕ್ತು, ಸರ್ಕಾರ ಕೊಟ್ಟ ಬಿಳೀ ಅಮೃತಶಿಲೆ, ಮಧ್ಯೆ ಗುರಾಣಿ ಆಕಾರ, ಅದರೊಳಗೆ ಹೆಸರು, ರೆಜಿಮೆಂಟು. ಪಕ್ಕದಲ್ಲಿ ಎರಡನೇ ಹೆಂಡತಿ. ಅತ್ತೆ ಇಬ್ಬರಿಗೂ ಹೂ ಇಟ್ರು. ಆ ಎರಡನೆಯವರೇ ನಾಲ್ಕೂ ಮಕ್ಕಳನ್ನ ಸಾಕಿ ದೊಡ್ಡ ಮಾಡಿದ್ದು, ಅವರಿಗೆ ಹೂವಿಡದೆ ಹೋಗೋಕಾಗಲ್ಲ ಅಂದ್ರು.

ಕೌಂಟಿಯ ಮ್ಯೂಸಿಯಂ ಅಲ್ಲೇ ಇದೆ. ಸಾಲೊಮನ್ ಬುಚರ್ ಅಂತ ಒಬ್ಬ ಫೋಟೊಗ್ರಾಫರ್ 1886ರಿಂದ ಗಾಡಿ ಹೂಡಿಕೊಂಡು ಈ ಕಸ್ಟರ್ ಕೌಂಟಿಯ ಮನೆ ಮನೆ ಸುತ್ತಿ, ಹುಲ್ಲುಮಣ್ಣಿನ ಮನೆ ಮುಂದೆ ಜನ, ದನ, ಕುದುರೆ, ಮೇಜು ಕುರ್ಚಿ ಎಲ್ಲಾ ನಿಲ್ಲಿಸಿ ಫೋಟೊ ತೆಗೆದ. ಆ ಕಾಲ ಹೇಗಿತ್ತು ಅಂತ ಇವತ್ತು ನಮ್ಮ ಕಣ್ಣಿಗೆ ಕಟ್ಟೋದು ಅವನ ದೆಸೆಯಿಂದ. 1887ರ ಒಂದು ಫೋಟೊ ಇದೆ, ಹಾರ್ವಿ ಆಂಡ್ರೂಸ್ ಅನ್ನೋರ ಕುಟುಂಬ ತಮ್ಮ ಪುಟ್ಟ ಮಗ ವಿಲ್ಲಿಯ ಸಮಾಧಿ ಪಕ್ಕ ನಿಂತಿರೋದು.  ಅದನ್ನ ನೋಡಿದ್ಮೇಲೆ ಅತ್ತೆಯ ಅಪ್ಪ ಹೇಳ್ತಿದ್ದ ದಿಬ್ಬ ಹೇಗಿದ್ದಿರಬೇಕು ಅಂತ ಅರ್ಥ ಆಯ್ತು. ಮುತ್ತಜ್ಜಿಯ ಮುಖ ಒಂದು ಫೋಟೊದಲ್ಲಾದ್ರೂ ಸಿಗಬಹುದು ಅಂತ ಅತ್ತೆಗೆ ಒಳಗೊಳಗೇ ಆಸೆ ಇತ್ತು, ಆದ್ರೆ ಅವರು ಹೋಗಿದ್ದು 1885, ಬುಚರ್ ಶುರು ಮಾಡಿದ್ದು ಮಾರನೇ ವರ್ಷ.

ಮಧ್ಯಾಹ್ನ ಕೋರ್ಟ್‌ಹೌಸ್, ರಿಜಿಸ್ಟರ್ ಆಫ್ ಡೀಡ್ಸ್ ಆಫೀಸು. ಅಪ್ಪನ ಮುಖ ಅರಳಿದ್ದು ಇಲ್ಲೇ. ನ್ಯೂಮರಿಕಲ್ ಇಂಡೆಕ್ಸ್ ಅಂತ ಎರಡು ಕೈಯಲ್ಲಿ ಎತ್ತಬೇಕಾದ ದಪ್ಪ ಪುಸ್ತಕ, ಸೆಕ್ಷನ್‌ಗೊಂದು ಪುಟ, ಆ ನೆಲದ ಮೇಲೆ ಆದ ಕ್ರಯ, ಅಡಮಾನ, ಬಿಡುಗಡೆ ಎಲ್ಲಾ ತಾರೀಕು ಪ್ರಕಾರ. "ಇದು ಇಸಿ ಕಣಮ್ಮ, ನಮ್ಮ ಋಣಭಾರ ಪತ್ರ, ನೂರೈವತ್ತು ವರ್ಷದ ಇಸಿ ಒಂದೇ ಪುಟದಲ್ಲಿ" ಅಂದ್ರು. ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಓದ್ತಾ ಬಂದ್ರು. ಮೊದಲನೇ ಎಂಟ್ರಿ, ಕೊಟ್ಟವರು ಯುನೈಟೆಡ್ ಸ್ಟೇಟ್ಸ್, ಪಡೆದವರು ಮುತ್ತಜ್ಜ. ಅಲ್ಲಿ ನಿಂತು ಅಪ್ಪ ಕೇಳಿದ್ರು, "ಇದಕ್ಕಿಂತ ಮುಂಚೆ ಯಾರ ಅನುಭವದಲ್ಲಿತ್ತು?"

ರೆವಿನ್ಯೂ ಕಡೆ ಕೆಲಸ ಮಾಡಿದವರು ಯಾರಾದ್ರೂ ಕೇಳೋ ಪ್ರಶ್ನೆ ಅದು. ಆದ್ರೆ ಆ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಉತ್ತರ ಅತ್ತೆ ಕೊಟ್ರು, ಇದು ಪಾನೀ ಜನ ಬೇಟೆಯಾಡ್ತಿದ್ದ ಸೀಮೆ, 1857ರ ಒಪ್ಪಂದದಲ್ಲಿ ಅವರಿಂದ ಬರೆಸಿಕೊಂಡ್ರು, 1870ರ ದಶಕದಲ್ಲಿ ಉಳಿದವರನ್ನೂ ಈಗಿನ ಓಕ್ಲಹೋಮಾ ಕಡೆ ಕಳಿಸಿಬಿಟ್ರು, ನಮ್ಮವರು ಬಂದಿದ್ದು ಅದಾಗಿ ಹತ್ತು ವರ್ಷದ ಒಳಗೆ. ಅತ್ತೆ ಇದನ್ನ ತಲೆ ತಗ್ಗಿಸಿ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. ನನಗೆ ಅದು ಬಹಳ ಹಿಡಿಸ್ತು. ತಮ್ಮ ಮನೆಯ ಒಂದು ಸಮಾಧಿ ಹುಡುಕೋಕೆ ಇಷ್ಟು ದೂರ ಬಂದವರಿಗೆ, ಇದೇ ಮಣ್ಣಲ್ಲಿ ಬೇರೆಯವರ ಹಿರಿಯರೂ ಇದ್ದಾರೆ ಅನ್ನೋದು ಗೊತ್ತಿರಬೇಕು.

ಎರಡನೇ ಎಂಟ್ರಿ ಅಡಮಾನ. 1890ರಲ್ಲೂ 1894ರಲ್ಲೂ ಇಲ್ಲಿ ಭೀಕರ ಬರ, ಸಾಲ ತೀರಿಸೋಕಾಗದೆ ಸಾವಿರಾರು ಜನ ಬಿಟ್ಟು ಹೋದ ಕಾಲ. 1895ರಲ್ಲಿ ಮುತ್ತಜ್ಜನೂ ಮಾರಿದ್ದಾರೆ. ಆಫೀಸಿನಾಕೆ ಆ ಕ್ರಯಪತ್ರದ ಪುಸ್ತಕ ತೆಗೆದುಕೊಟ್ರು. ಉದ್ದುದ್ದ ಇಳಿಜಾರು ಅಕ್ಷರ, ನನಗೆ ಓದೋಕೆ ಕಷ್ಟ ಆಗ್ತಿತ್ತು, ಅತ್ತೆ ಗಟ್ಟಿಯಾಗಿ ಓದಿದ್ರು. ಸೌತ್‌ವೆಸ್ಟ್ ಕ್ವಾರ್ಟರ್ ಪೂರ್ತಿ, ಆದರೆ ಅದರ ಈಶಾನ್ಯ ಮೂಲೆಯಲ್ಲಿ, ಸಮಾಧಿ ಇರುವ ಎರಡು ರಾಡ್ ಚೌಕದ ಜಾಗವನ್ನು ಬಿಟ್ಟು.

ಸಾಲದಲ್ಲಿ ನೆಲ ಬಿಟ್ಟುಕೊಡೋ ಮನುಷ್ಯ ಅಷ್ಟನ್ನು ಮಾತ್ರ ಬಿಡಲಿಲ್ಲ. ಪೆನ್ಶನ್ ಫಾರಂನಲ್ಲಿ ಒಂದೇ ಸಾಲು ಬರೆದ ಇದೇ ಮನುಷ್ಯನ ಮೇಲೆ ಮಂಗಳವಾರ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

"ಒಂದು ರಾಡ್ ಅಂದ್ರೆ ಎಷ್ಟು?" ಅಂತ ಅಪ್ಪ. ಹದಿನಾರೂವರೆ ಅಡಿ ಅಂದ್ರು ಆಫೀಸಿನಾಕೆ. ಎರಡು ರಾಡ್ ಅಂದ್ರೆ 33 ಅಡಿ. 33 ಅಡಿ ಉದ್ದ 33 ಅಡಿ ಅಗಲ, 1089 ಚದರಡಿ. ಅಪ್ಪ ನನ್ನ ಕಡೆ ತಿರುಗಿ, "ಕರೆಕ್ಟಾಗಿ ಒಂದು ಗುಂಟೆ. ನಮ್ಮಲ್ಲಾಗಿದ್ರೆ ಇದನ್ನ ಬಿ ಖರಾಬು ಅಂತ ತೋರಿಸ್ತಿದ್ವಿ, ಸ್ಮಶಾನಕ್ಕೆ ಬಿಟ್ಟಿದ್ದು, ಯಾರೂ ಸಾಗುವಳಿ ಮಾಡೋ ಹಾಗಿಲ್ಲ" ಅಂದ್ರು. ಇಲ್ಲೂ ಅಲ್ಲೂ ಚೈನು ಹಿಡ್ಕೊಂಡು ಬಂದಿದ್ದು ಇಂಗ್ಲಿಷ್ ಅಳತೆಯವರೇ, ಹಾಗಾಗಿ ಲೆಕ್ಕ ಕೂಡಿಬರೋದರಲ್ಲಿ ಪವಾಡ ಏನಿಲ್ಲ. ಆದ್ರೂ ಆ ಕ್ಷಣಕ್ಕೆ ನನ್ನ ಮೈ ಜುಂ ಅಂತು.

ಈಗಿನ ಮಾಲೀಕರು ಯಾರು ಅಂತ ಅದೇ ಪುಟದ ಕೊನೇ ಸಾಲಿನಲ್ಲಿತ್ತು. ಸಂಜೆ ಅತ್ತೆ ಫೋನ್ ಮಾಡಿದ್ರು, ಎತ್ತಿದ ಹೆಂಗಸು ಪೂರ್ತಿ ಕೇಳಿಸ್ಕೊಂಡು, ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ, ಬೂಟ್ ಹಾಕ್ಕೊಂಡು ಬನ್ನಿ ಅಂದ್ರಂತೆ.

ಶುಕ್ರವಾರ, ರ‍್ಯಾಂಚ್

ರಾತ್ರಿ ಅಪ್ಪ ಮೋಟೆಲ್ ಬಿಲ್ಲಿನ ಹಿಂದೆ ಸೆಕ್ಷನ್ನಿನ ನಕ್ಷೆ ಬರೆದಿದ್ರು. ಸೌತ್‌ವೆಸ್ಟ್ ಕ್ವಾರ್ಟರ್‌ನ ಈಶಾನ್ಯ ಮೂಲೆ ಅಂದ್ರೆ ಸೆಕ್ಷನ್ನಿನ ನಟ್ಟನಡುವೆ. ಮೊದಲು ಅಳೆದ ಸರ್ಕಾರದ ಸರ್ವೇಯರ್‌ಗಳು ಸೆಕ್ಷನ್ನಿನ ಅಂಚಿಗೆ ಮಾತ್ರ ಗುರುತು ಹಾಕ್ತಿದ್ರು, ನಾಲ್ಕು ಮೂಲೆ, ಅಂಚಿನ ಮಧ್ಯಕ್ಕೊಂದೊಂದು. ಕಲ್ಲಿಲ್ಲದ ಈ ಸೀಮೆಯಲ್ಲಿ ಗುಂಡಿ ತೋಡಿ ಮಣ್ಣು ಗುಪ್ಪೆ ಹಾಕಿ ಗೂಟ ನೆಡೋದು, ಕೆಲವು ಕಡೆ ಅಡಿಯಲ್ಲಿ ಇದ್ದಿಲು ಹೂಳೋದು. ನಡುವಿನ ಬಿಂದು ಬೇಕು ಅಂದ್ರೆ ಎದುರುಬದುರಿನ ಮಧ್ಯದ ಗುರುತುಗಳನ್ನ ಗೆರೆ ಎಳೆದು ಕೂಡಿಸ್ಬೇಕು, ಎರಡೂ ಗೆರೆ ಎಲ್ಲಿ ಸೇರುತ್ತೋ ಅಲ್ಲಿ. ಆ ಬಿಂದುವಿನಿಂದ ನೈಋತ್ಯಕ್ಕೆ 33 ಅಡಿ ಚೌಕ, ಅಷ್ಟೇ ನಾವು ಹುಡುಕ್ಬೇಕಾಗಿದ್ದು ಅಂತ ಅಪ್ಪ ಹೇಳಿದ್ರು. ನನ್ನ ಫೋನ್‌ನಲ್ಲಿ ಬೇಟೆಗಾರರು ಬಳಸೋ ಆನ್‌ಎಕ್ಸ್ ಆ್ಯಪ್ ಹಾಕ್ಕೊಂಡೆ, ಅದರಲ್ಲಿ ಸೆಕ್ಷನ್ ಗೆರೆ ಕಾಣುತ್ತೆ.

ಮಾಲೀಕರು ಅರವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಆಳು. ಅತ್ತೆಯ ಕೈ ಹಿಡಿದು ಮೊದಲನೇ ಮಾತು ಹೇಳಿದ್ದೇ, "ನಮ್ಮ ತಾತ 1930ರ ದಶಕದಲ್ಲಿ ಈ ನೆಲ ತಗೊಂಡಾಗ ಅಲ್ಲಿ ಸಮಾಧಿ ಇದೆ ಅಂತ ಪತ್ರದಲ್ಲಿತ್ತು, ಅವರು ಬೇಲಿ ಹಾಕಿದ್ರು, ದನ ಬಿಡಬೇಡಿ ನೇಗಿಲು ಹಾಕಬೇಡಿ ಅಂತ ಅಪ್ಪನಿಗೆ ಹೇಳಿದ್ರು, ಅಪ್ಪ ನಂಗೆ ಹೇಳಿದ್ರು. ಯಾರದ್ದು ಅಂತ ಮಾತ್ರ ನಮಗ್ಯಾರಿಗೂ ಗೊತ್ತಿರಲಿಲ್ಲ." ನಾವು ಕಾಗದದಲ್ಲಿ ಹುಡುಕ್ತಿದ್ದಿದ್ದನ್ನ ಇವರ ಮನೆಯವರು ತೊಂಬತ್ತು ವರ್ಷ ಸುಮ್ನೆ ಕಾಪಾಡ್ಕೊಂಡು ಬಂದಿದ್ರು, ಸಂಬಂಧ ಇಲ್ಲ, ಬಂಧು ಇಲ್ಲ, ಕೇಳೋರೂ ಇಲ್ಲ.

ಪಿಕಪ್‌ನಲ್ಲಿ ಗೇಟು ತೆಗೆದು ಗೇಟು ಹಾಕಿ, ಹುಲ್ಲುಗಾವಲ ಮೇಲೇ ಅರ್ಧ ಮೈಲಿ. ಮೆಡೋಲಾರ್ಕ್ ಹಕ್ಕಿ ಬೇಲಿ ಕಂಬದ ಮೇಲೆ ಕೂತು ಒಂದೇ ಸಮ ಕೂಗ್ತಿತ್ತು. ಕೊರಕಲಿನ ಪಕ್ಕ ಒಂದು ತಗ್ಗು ತೋರಿಸಿ ಮಣ್ಣಿನ ಮನೆ ಇದ್ದಿದ್ದು ಇಲ್ಲಿರಬೇಕು ಅಂದ್ರು, ಹುಲ್ಲು ಅಲ್ಲಿ ಬೇರೆ ಬಣ್ಣ. ಅದರ ಹಿಂದೆ ದಿಬ್ಬ. ಅತ್ತೆ ನಮಗಿಂತ ಮುಂಚೆ ಇಳಿದು ನಡೆಯೋಕೆ ಶುರು ಮಾಡಿದ್ರು, ಮಂಡಿ ನೋವು ಎಲ್ಲಿ ಹೋಯ್ತೋ.

ಮೇಲೆ ಮುರಿದ ಬೇಲಿ, ನಾಲ್ಕರಲ್ಲಿ ಮೂರು ಮೂಲೆಯ ಕಂಬ ಇನ್ನೂ ನಿಂತಿವೆ. ಒಂದು ಹಳೇ ಸೀಡರ್ ಮರ, ಒಂದು ಕಡೆ ಸಿಡಿಲು ಹೊಡೆದು ಒಣಗಿದೆ. ಒಳಗೆ ಮೊಣಕಾಲು ಮಟ್ಟ ಹುಲ್ಲು, ಹುಲ್ಲಿನ ಮಧ್ಯೆ ಐರಿಸ್ ಗಿಡಗಳ ಒಂದು ಗುಂಪು, ತೆಳು ನೇರಳೆ ಹೂ ಬಿಟ್ಟಿತ್ತು. ಐರಿಸ್ ಅಲ್ಲಿ ತಾನಾಗಿ ಹುಟ್ಟೋ ಗಿಡ ಅಲ್ಲ, ಯಾರೋ ಗೆಡ್ಡೆ ತಂದು ನೆಟ್ಟಿರಬೇಕು, ಒಂದು ಸಲ ನೆಟ್ರೆ ನೋಡಿಕೊಳ್ಳೋರು ಇಲ್ಲದಿದ್ರೂ ಹರಡ್ಕೊಂಡು ಬದುಕುತ್ತೆ. ಹೂವಿನ ಪಕ್ಕ ಹುಲ್ಲನ್ನ ಕೈಯಲ್ಲಿ ಬಗ್ಗಿಸಿ ನೋಡಿದ್ರೆ ಉದ್ದಕ್ಕೆ ಒಂದು ತಗ್ಗು, ಪೂರ್ವ ಪಶ್ಚಿಮವಾಗಿ, ಹೆಚ್ಚುಕಮ್ಮಿ ಒಂದು ಮನುಷ್ಯನ ಉದ್ದ. ತಗ್ಗು ಒಂದೇ. ಚಿಕ್ಕದು ಬೇರೆ ಇಲ್ಲ. ಕೂಸನ್ನ ತಾಯಿ ಜೊತೆಗೇ ಇಟ್ಟಿರ್ತಾರೆ ಅಂತ ಅತ್ತೆ ಹೇಳಿದ್ರು, ಆಗ ಹಾಗೇ ಮಾಡ್ತಿದ್ರಂತೆ.

ಅಪ್ಪ ಟೇಪ್ ತೆಗೆದ್ರು. ಕಂಬದಿಂದ ಕಂಬಕ್ಕೆ ಒಂದು ತುದಿ ನಾನು ಹಿಡ್ಕೊಂಡೆ, ಒಂದು ತುದಿ ರ‍್ಯಾಂಚಿನಾಕೆ. ಒಂದು ಕಡೆ 32 ಅಡಿ 10 ಇಂಚು. ಇನ್ನೊಂದು ಕಡೆ 33 ಅಡಿ 4. ಅಪ್ಪ ಅದನ್ನ ತಮ್ಮ ನಕ್ಷೆ ಮೇಲೆ ಬರೆದು, ತಾರೀಕು ಹಾಕಿ, ಅಭ್ಯಾಸ ಬಲದಿಂದ ಕೆಳಗೆ ಸಹಿಯನ್ನೂ ಹಾಕಿದ್ರು, ಪಕ್ಕದಲ್ಲಿ ಚಕ್ಕುಬಂದಿ ಬರೆದ್ರು, ಪೂರ್ವಕ್ಕೆ ಹುಲ್ಲುಗಾವಲು, ದಕ್ಷಿಣಕ್ಕೆ ಕೊರಕಲು. ನಕ್ಷೆಯನ್ನ ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಟು "ಮೇಡಂ, ಇದು ನಿಮ್ಮ ರೆಕಾರ್ಡ್‌ಗೆ ಇರ್ಲಿ" ಅಂದ್ರು.

ಅತ್ತೆ ಮಾತಾಡಲಿಲ್ಲ, ಅಪ್ಪನ ಭುಜ ಹಿಡ್ಕೊಂಡು ನಿಂತ್ರು. ಬೀಗರು ಬೀಗಿತ್ತಿ ಮದುವೆ ದಿನ ಕೂಡ ಕೈಕುಲುಕಿ ದೂರ ನಿಂತವರು. ಅತ್ತೆ ಲಿಂಕನ್‌ನಲ್ಲಿ ತಗೊಂಡಿದ್ದ ಪಿಯೋನಿ ಹೂ ಇಟ್ರು, ಅಪ್ಪ ತಮ್ಮ ಬಾಟಲಿಯಿಂದ ಮಣ್ಣಿಗೆ ನೀರು ಬಿಟ್ಟು ಕೈ ಮುಗಿದ್ರು, ರ‍್ಯಾಂಚಿನಾಕೆ ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ರು. ಅತ್ತೆ ಆಕೆಗೆ ಹೆಸರು ಹೇಳಿದ್ರು, ತವರಿನ ಹೆಸರು ಸೇರಿಸಿ ಪೂರ್ತಿ. ಆಕೆ ಎರಡು ಸಲ ಹೇಳಿಕೊಂಡ್ರು, ಮರೀಬಾರದು ಅಂತ.

ವಾಪಸ್ ಬಂದ್ಮೇಲೆ ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟು, ನಮ್ಮ ಪ್ಯಾಂಟಿನ ಮೇಲೆ ಉಣ್ಣಿಹುಳ ಹತ್ತಿದೆಯಾ ನೋಡ್ಕೊಳ್ಳಿ ಅಂತ ನೆನಪಿಸಿದ್ರು. ಅಪ್ಪನ ಸಾಕ್ಸ್‌ನಲ್ಲಿ ಎರಡು ಸಿಕ್ವು.

ಶನಿವಾರ, ಆ್ಯಶ್ ಹಾಲೋ ಮೂಲಕ ಮನೆಗೆ

ವಾಪಸ್ ಬರುವಾಗ ಒಗಲಾಲದಿಂದ ಸ್ವಲ್ಪ ಮೇಲಕ್ಕೆ, ಲೂವೆಲೆನ್ ಊರಿನ ಹತ್ರ ಆ್ಯಶ್ ಹಾಲೋಗೆ ಹೋಗಿ ಬಂದ್ವಿ. ಗಾಡಿಗಳು ಕಡಿದಾದ ವಿಂಡ್‌ಲಸ್ ಹಿಲ್ ಇಳಿದು ನೀರಿಗೆ ಅಂತ ನಿಲ್ತಿದ್ದ ಜಾಗ, ಗಾಲಿ ಹೋದ ಗುರುತು ಗುಡ್ಡದ ಮೇಲೆ ಇವತ್ತಿಗೂ ಕಾಣುತ್ತೆ. ಅಲ್ಲಿನ ಸ್ಮಶಾನದಲ್ಲಿ ರೇಚಲ್ ಪ್ಯಾಟಿಸನ್ ಅನ್ನೋ ಹುಡುಗಿಯ ಸಮಾಧಿ ಇದೆ. ಹೊಸದಾಗಿ ಮದುವೆ ಆಗಿ ಗಂಡನ ಜೊತೆ ಆರೆಗಾನ್‌ಗೆ ಹೊರಟವಳು, 18 ವರ್ಷ, 1849ರ ಜೂನ್ 19ಕ್ಕೆ ಕಾಲರಾ ಬಂದು ಹೋದಳು. ಆ ವರ್ಷಗಳಲ್ಲಿ ಈ ದಾರಿಯಲ್ಲಿ ಕಾಲರಾಕ್ಕೆ ಸತ್ತವರಿಗೆ ಲೆಕ್ಕವಿಲ್ಲ, ಬಹಳ ಜನರನ್ನ ದಾರಿ ಮಧ್ಯದಲ್ಲೇ ಹೂತು, ಪ್ರಾಣಿಗಳು ಕೆದಕಬಾರದು ಅಂತ ಮೇಲೆ ಗಾಡಿ ಓಡಿಸಿ ಮಟ್ಟ ಮಾಡ್ತಿದ್ರು. ರೇಚಲ್‌ಗೆ ಯಾರೋ ಕೂತು ಕಲ್ಲು ಕೆತ್ತಿದ್ರು, ಹೆಸರು, ವಯಸ್ಸು, ತಾರೀಕು, ಅದಕ್ಕೇ ಅವಳು ಇವತ್ತಿಗೂ ಇದ್ದಾಳೆ.

ಅತ್ತೆ ಆ ಕಲ್ಲು ನೋಡ್ತಾನೇ ತೀರ್ಮಾನ ಮಾಡಿದ್ರು. ಕಾರಲ್ಲಿ ಡೆನ್ವರ್‌ವರೆಗೂ ಅದೇ ಮಾತು. ಕಲ್ಲು ಸಣ್ಣದಾಗೇ ಇರ್ಲಿ, ದಿಬ್ಬದ ಮೇಲೆ ದೊಡ್ಡದು ಬೇಡ. ಮೊದಲು ತವರಿನ ಹೆಸರು, ಆಮೇಲೆ ಗಂಡನ ಮನೆಯದು. ಒಹಾಯೋ 1845, ಕಸ್ಟರ್ ಕೌಂಟಿ 1885. ಕೆಳಗೆ "ಮತ್ತು ಆರು ದಿನದ ಮಗಳು". ರ‍್ಯಾಂಚಿನಾಕೆ ಹುಲ್ಲು ಕೊಯ್ಲು ಮುಗಿದ್ಮೇಲೆ ಸೆಪ್ಟೆಂಬರ್‌ನಲ್ಲಿ ಬನ್ನಿ, ಟ್ರ್ಯಾಕ್ಟರ್‌ನಲ್ಲಿ ಕಲ್ಲು ಮೇಲಕ್ಕೆ ತಗೊಂಡು ಹೋಗೋಣ, ನಾಲ್ಕನೇ ಕಂಬ ನಾನೇ ನೆಡ್ತೀನಿ ಅಂದಿದ್ದಾರೆ. ಆಕೆಯ ಹೆಸರಿಗೆ ಆದ ಕ್ರಯಪತ್ರದಲ್ಲಿ ಎರಡು ರಾಡ್ ಬಿಟ್ಟು ಅನ್ನೋ ಮಾತು ಮುಂದುವರಿದಿದೆಯಾ ಅಂತ ನೋಡೋಕೆ ಅಪ್ಪ ಕಾಪಿ ಕೇಳಿ ತಗೊಂಡು ಬಂದಿದ್ರು, ಇದೆ. ಅಪ್ಪನ ರಿಟರ್ನ್ ಟಿಕೆಟ್ ಜುಲೈಗೆ ಇತ್ತು, ಭಾನುವಾರ ಬೆಳಿಗ್ಗೆ ಎದ್ದ ತಕ್ಷಣ ಅದನ್ನ ಅಕ್ಟೋಬರ್‌ಗೆ ಮುಂದೂಡೋಕೆ ಎಷ್ಟಾಗುತ್ತೆ ನೋಡು ಅಂದ್ರು.